ಟ್ರಿಪ್ಪರ್ ಸುಮ್ಮನಾದ ಲಾಂಡ್ರಿಯಲ್ಲಿ ಟ್ರಿಪ್ಪಕ್ಕ

ಬೆಳಕು ಇನ್ನೂ ನೆಟ್ಟಗೆ ಹರಿದಿಲ್ಲ. ಲಾಂಡ್ರಿಯ ಹಿಂಬಾಗಿಲ ಪಕ್ಕದ ಗೋಡೆಗೆ ಬಡಿದಿರುವ ಕರೆಂಟಿನ ಪೆಟ್ಟಿಗೆಯ ಮುಂದೆ, ಒಣ ಮೆಟ್ಟಿಲ ಮೇಲೆ, ಒಬ್ಬ ಹೆಂಗಸು ಕುಕ್ಕರುಗಾಲಲ್ಲಿ ಕೂತಿದ್ದಾರೆ. ಬಾಯಲ್ಲಿ ಪುಟ್ಟ ಟಾರ್ಚು, ತೋಳು ಮಡಚಿದ ಹಳೇ ಶರ್ಟು, ಪಾದದ ಕೆಳಗೆ ಮಡಚಿ ಹಾಕಿಕೊಂಡ ಗೋಣಿಚೀಲ. ಪೆಟ್ಟಿಗೆಯೊಳಗೆ ಸಾಲಾಗಿ ನಿಂತ ಸ್ವಿಚ್ಚುಗಳಲ್ಲಿ ಮೊದಲನೆಯದು, ಎಲ್ಲಕ್ಕಿಂತ ದಪ್ಪನೆಯದು, ಟ್ರಿಪ್ಪರ್. ಅದರ ಮೈಮೇಲೊಂದು ಪರೀಕ್ಷೆಯ ಗುಂಡಿ. ಅದನ್ನು ಒತ್ತಿದರೆ ಹಿಡಿ ಕೆಳಗೆ ಬೀಳಬೇಕು, ಕಟ್ಟಡವೆಲ್ಲ ಕತ್ತಲಾಗಬೇಕು.

ಒತ್ತುತ್ತಾರೆ. ಟಕ್. ಹಿಡಿ ಬೀಳುತ್ತದೆ. ದೀಪಗಳು ಉರಿಯುತ್ತಲೇ ಇವೆ.

ಹಿಂದೆ ನಿಂತಿದ್ದ ವಯಸ್ಸಾದ ಹೆಂಗಸು ಕತ್ತು ಚಾಚುತ್ತಾರೆ. ಇಲ್ಲಿ ಬಟ್ಟೆ ಒಗೆಯುವ ಯಂತ್ರಗಳನ್ನು ನೋಡಿಕೊಳ್ಳುವ ಹಿರಿಯಾಕೆ. ಎಲ್ಲರಿಗೂ ದೊಡ್ಡಮ್ಮ. "ಏನಾಯ್ತೇ?" ಎಂದು ಕೇಳುತ್ತಾರೆ.

ಕೂತಾಕೆ ಬಾಯಿಂದ ಟಾರ್ಚು ತೆಗೆಯುತ್ತಾರೆ. "ಏನೂ ಆಗ್ಲಿಲ್ಲ ದೊಡ್ಡಮ್ಮ. ಅದೇ ಆಗಿರೋದು."

ಪೆಟ್ಟಿಗೆಯ ಮುಚ್ಚಳ ಬಿಚ್ಚಿದರೆ ಕಥೆ ಹೊರಬರುತ್ತದೆ. ಟ್ರಿಪ್ಪರ್‌ನ ಕೆಳಗಿನ ತುದಿಯಿಂದ ಹೊರಡಬೇಕಾದ ವೈರುಗಳನ್ನು ಯಾರೋ ಕಿತ್ತು ಮೇಲಿನ ತುದಿಗೇ ಸಿಕ್ಕಿಸಿದ್ದಾರೆ. ಕರೆಂಟು ಈಗ ಟ್ರಿಪ್ಪರ್‌ನ ಒಳಗೆ ಹೋಗದೆ ಅದರ ನೆತ್ತಿಯ ಮೇಲಿನಿಂದಲೇ ಸಾಗುತ್ತದೆ. ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿಯಾಗಿದೆ. ಕೆಲಸದವರ ಭಾಷೆಯಲ್ಲಿ ಇದಕ್ಕೆ 'ಡೈರೆಕ್ಟ್ ಕೊಡೋದು' ಎನ್ನುತ್ತಾರೆ. ಹೆಸರೇನೋ ಚೆನ್ನಾಗಿದೆ. ಈ ಡೈರೆಕ್ಟು ಹೋಗುವ ಊರು ಯಾವುದು ಎಂದು ಮಾತ್ರ ಯಾರೂ ಹೇಳುವುದಿಲ್ಲ.

ಕೂತಿರುವ ಹೆಂಗಸಿಗೆ ಊರೆಲ್ಲ ಕರೆಯುವ ಹೆಸರು ಟ್ರಿಪ್ಪಕ್ಕ. ಮನೆ, ಅಂಗಡಿ, ಗಿರಣಿ, ಎಲ್ಲಿಯಾದರೂ ಟ್ರಿಪ್ಪರ್ ಕಾರಣವಿಲ್ಲದೆ ಬೀಳುತ್ತಿದೆ ಎಂದರೆ ಕಾರಣ ಹುಡುಕಿಕೊಡುವುದು ಇವರ ಕಸುಬು. ಬೀಳುತ್ತಿದೆ ಎಂದು ಕರೆದವರು ಬೇಕಾದಷ್ಟು ಜನ. ಬೀಳುವುದು ನಿಂತುಹೋಯಿತು ಎಂದು ಕರೆದವರು ಈ ದೊಡ್ಡಮ್ಮ ಒಬ್ಬರೇ.

"ದಿನಾ ಬೆಳಗ್ಗೆ ಹೀಟರ್ ಹಾಕ್ದಾಗ ದಬಕ್ ಅಂತ ಬೀಳ್ತಿತ್ತು," ಎನ್ನುತ್ತಾರೆ ದೊಡ್ಡಮ್ಮ. "ಬಿದ್ದಾಗೆಲ್ಲ ಯಜಮಾನ್ರು ನಮಗೇ ಬೈಯೋರು, ನೀರು ಎರಚಿದ್ರಿ, ಒದ್ದೆ ಕೈ ಇಟ್ರಿ ಅಂತ. ಆಮೇಲೊಂದಿನ ಯಾರೋ ಬಂದು ಏನೋ ಮಾಡಿ ಹೋದ. ಅವತ್ತಿಂದ ಗಪ್‌ಚುಪ್. ದಿನಾ ಬೊಗಳೋ ನಾಯಿ ಇದ್ದಕ್ಕಿದ್ದಂಗೆ ಸುಮ್ಮನಾದ್ರೆ ನಿದ್ದೆ ಬರುತ್ತೇನಮ್ಮ? ಕಳ್ಳ ಏನೋ ತಿನ್ಸಿದ್ದಾನೆ ಅಂತ ತಾನೇ ಅರ್ಥ?"

ಅವರು ಹಾಗೆ ಹೇಳುತ್ತ ನಿಂತಿರುವ ಜಾಗವನ್ನು ಒಮ್ಮೆ ನೋಡಬೇಕು. ಗಾರೆ ಎದ್ದ ನೆಲ, ಕಣಕಾಲಿನವರೆಗೆ ಸಾಬೂನಿನ ನೀರು, ಮೋರಿ ಕಟ್ಟಿಕೊಂಡಾಗ ಇನ್ನೂ ಮೇಲೆ. ಎರಡೂ ಬದಿಗೆ ಕಬ್ಬಿಣದ ಮೈಯ ಯಂತ್ರಗಳು. ಕೊಟ್ಟ ರಬ್ಬರ್ ಬೂಟುಗಳು ಎಂದೋ ಒಡೆದುಹೋಗಿ ಮೂಲೆ ಸೇರಿವೆ. ಹೆಂಗಸರು ಬರಿಗಾಲಲ್ಲಿ ನೀರಿನಲ್ಲಿ ನಿಂತು ಒದ್ದೆ ಹಾಸಿಗೆ ಹೊದಿಕೆಗಳನ್ನು ಯಂತ್ರದ ಬಾಯಿಂದ ಎಳೆಯುತ್ತಾರೆ. ಆ ಯಂತ್ರಗಳಲ್ಲಿ ಒಂದರ ವೈರು ಸವೆದು ಕಬ್ಬಿಣಕ್ಕೆ ತಗುಲಿದರೆ, ಮುಟ್ಟಿದವರನ್ನು ಉಳಿಸುವುದಕ್ಕೆ ಈ ಕಟ್ಟಡದಲ್ಲಿ ಇದ್ದದ್ದು ಒಂದೇ ಒಂದು ವಸ್ತು. ಅದರ ಕತ್ತನ್ನು ಹಿಚುಕಿ, ನೋಡುವವರಿಗೆ ಇರಲಿ ಎಂದು ಹೆಣವನ್ನು ಅಲ್ಲೇ ನಿಲ್ಲಿಸಿದ್ದಾರೆ.

ಟ್ರಿಪ್ಪರ್ ಮಾಡುವ ಕೆಲಸವನ್ನು ಟ್ರಿಪ್ಪಕ್ಕ ಯಾರಿಗೆ ಬೇಕಾದರೂ ಅರ್ಥವಾಗುವ ಹಾಗೆ ಹೇಳುತ್ತಾರೆ. "ಶಾಲೆ ಮಕ್ಕಳನ್ನ ಪ್ರವಾಸಕ್ಕೆ ಕರ್ಕೊಂಡು ಹೋಗ್ತಾರಲ್ಲ, ಟೀಚರ್ ಬಸ್ ಬಾಗಿಲಲ್ಲಿ ನಿಂತು ಎಣಿಸ್ತಾರೆ. ಇಳಿದಷ್ಟು ಮಕ್ಕಳು ಹತ್ತಬೇಕು. ಒಂದು ಮಗು ಕಡಿಮೆ ಆದ್ರೂ ಬಸ್ ಬಿಡೋಕೆ ಕೊಡಲ್ಲ. ಇದೂ ಹಂಗೇ. ಒಂದು ವೈರಲ್ಲಿ ಹೋದ ಕರೆಂಟು ಇನ್ನೊಂದು ವೈರಲ್ಲಿ ಅಷ್ಟೇ ವಾಪಸ್ ಬರ್ಬೇಕು. ಚೂರು ಕಡಿಮೆ ಬಂತಾ, ಎಲ್ಲೋ ದಾರಿ ತಪ್ಪಿದೆ, ಯಾರ ಮೈಯಿಂದನೋ ನೆಲಕ್ಕೆ ಇಳೀತಿದೆ ಅಂತ ತಕ್ಷಣ ಕಟ್ ಮಾಡುತ್ತೆ. ಲೇಟಾಯ್ತು ಅಂತ ಟೀಚರನ್ನೇ ಕೆಳಗಿಳಿಸಿ ಬಸ್ ಬಿಟ್ರೆ ಹೆಂಗಿರುತ್ತೆ?"

ಹೀಗಿದ್ದೂ ಟ್ರಿಪ್ಪರ್ ಬೀಳುವುದಕ್ಕೆ ಎಲ್ಲರ ಬಾಯಲ್ಲೂ ಇರುವ ಹೆಸರು 'ಕಾಟ'. ಈ ಹೆಸರಿಟ್ಟವರು ಯಾರು? ನೀರಿನಲ್ಲಿ ನಿಂತವರಂತೂ ಅಲ್ಲ. ಒಣ ಕುರ್ಚಿಯಲ್ಲಿ ಕೂತು, ಗಡಿಯಾರ ನೋಡುತ್ತ, ಯಂತ್ರ ಯಾಕೆ ನಿಂತಿತು ಎಂದು ಕೂಗುವವರು ಇಟ್ಟ ಹೆಸರು ಅದು. ನಮ್ಮಲ್ಲಿ ಎಚ್ಚರಿಸುವ ಯಾವುದಕ್ಕೆ ತಾನೇ ಒಳ್ಳೆಯ ಹೆಸರಿದೆ? ಮನುಷ್ಯರು ಎಚ್ಚರಿಸಿದರೂ ತಕರಾರಿನವರು ಎನ್ನುತ್ತೇವೆ. ಟ್ರಿಪ್ಪಕ್ಕನಿಗೂ ಆ ಬಿರುದು ಸಂದಿದೆ.

ಅವರು ಹುಟ್ಟಿ ಬೆಳೆದದ್ದು ಮೋಟಾರು ರೀವೈಂಡಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ. ಅಪ್ಪ ಸುಟ್ಟ ಮೋಟಾರುಗಳ ತಂತಿ ಬಿಚ್ಚಿ ಹೊಸದು ಸುತ್ತುತ್ತಿದ್ದರು. ಮಗಳು ಸುಟ್ಟ ವಾರ್ನಿಷಿನ ವಾಸನೆಯಲ್ಲೇ ಅಕ್ಷರ ಕಲಿತರು. ವೈರ್‌ಮನ್ ಪರೀಕ್ಷೆ ಪಾಸು ಮಾಡಿ ಪರವಾನಗಿ ಹಿಡಿದು ಹೋದಾಗ ಗುತ್ತಿಗೆದಾರರು ಕೇಳಿದ್ದು ಒಂದೇ ಪ್ರಶ್ನೆ: "ಏಣಿ ಹತ್ತೋಕೆ ಬರುತ್ತೇನಮ್ಮ?" ಹತ್ತಿ ತೋರಿಸಿದರು. ಆಗ, "ಹೆಣ್ಣು ಹೆಂಗಸು ಏಣಿ ಮೇಲಿದ್ರೆ ಕೆಳಗಿರೋರ್ಗೆ ಕೆಲಸ ಓಡಲ್ಲ" ಎಂದರು. ಹೊಸ ಕಟ್ಟಡಗಳಿಗೆ ವೈರೆಳೆಯುವ ಕೆಲಸ, ಅಂದರೆ ಹೆಸರು ಬರುವ ಕೆಲಸ, ಗಂಡಸರ ಪಾಲಾಯಿತು. ಅವರೆಳೆದ ವೈರಿನಲ್ಲಿ ಎಲ್ಲಿ ಸೋರಿಕೆಯಿದೆ ಎಂದು ಅಟ್ಟದ ಧೂಳಿನಲ್ಲಿ ತೆವಳಿ ಹುಡುಕುವುದು, ಯಾರಿಗೂ ಬೇಡವಾದ ಕೆಲಸ, ಇವರಿಗೆ ಉಳಿಯಿತು.

ಆ ಕೆಲಸದಲ್ಲಿ ತೋರಿಸಲು ಏನೂ ಇರುವುದಿಲ್ಲ. ಹೊಸ ದೀಪ ಹಾಕಿದವರು ದೀಪ ತೋರಿಸಬಹುದು. ಇವರು ಅರ್ಧ ದಿನ ಗೋಡೆ ಗೋಡೆ ಸುತ್ತಿ ಕೊನೆಗೆ ಇಲಿ ಕಡಿದ ಒಂದು ಗೇಣು ವೈರನ್ನು ಕೈಯಲ್ಲಿ ಹಿಡಿದು ಬರುತ್ತಾರೆ. "ಇಷ್ಟೇನಾ?" ಎನ್ನುತ್ತಾರೆ ಮನೆಯವರು. ಇಷ್ಟೇ. ಮಗು ಬಚ್ಚಲಲ್ಲಿ ನಲ್ಲಿ ಮುಟ್ಟಿದಾಗ ಏನೂ ಆಗದಿರುವುದು ಇಷ್ಟೇ.

ಮನೆಯಲ್ಲೂ ಇದೇ ಮಾತು, ಆದರೆ ಅಲ್ಲಿ ನಗು ಬೆರೆತಿರುತ್ತದೆ. ಗಂಡ ಹೊಲಿಗೆ ಕೆಲಸದವರು, ಕಿಟಕಿ ಪಕ್ಕದ ಮಿಷನ್ನಿನಿಂದ ತಲೆಯೆತ್ತದ ಮಿತಭಾಷಿ. ಅವರ ಪಾಲಿನ ಮಾತನ್ನೂ ಅತ್ತೆಯೇ ಆಡಿ ಮುಗಿಸುತ್ತಾರೆ. "ನನ್ನ ಸೊಸೆ ಲೋಕದ ಲೀಕೇಜೆಲ್ಲ ಹುಡುಕ್ತಾಳೆ ಕಣ್ರೀ, ನಮ್ಮನೆ ನಲ್ಲಿ ಮಾತ್ರ ತೊಟ್ಟಿಕ್ತಾನೇ ಇರುತ್ತೆ," ಎಂದು ಬಂದವರಿಗೆಲ್ಲ ದೂರು. ಸೊಸೆ ಬಿಡುತ್ತಾರೆಯೇ? "ಅದು ಪ್ಲಂಬರ್ ಕೆಲಸ ಅತ್ತೆ. ನೀವು ಆ ಪರೀಕ್ಷೆ ಬರೀರಿ, ನಾನು ನಿಮ್ಮ ಬ್ಯಾಗ್ ಹೊರ್ತೀನಿ." ಆದರೆ ಡೈರೆಕ್ಟ್ ಕೊಡಲು ಒಪ್ಪದೆ ಸೊಸೆ ಒಂದೊಂದೇ ಗಿರಾಕಿ ಕಳೆದುಕೊಂಡು ಬಂದಾಗ, ಸುಮ್ಮನೆ ತಟ್ಟೆ ಹಾಕಿ ಪಕ್ಕದಲ್ಲಿ ಕೂತವರೂ ಇದೇ ಅತ್ತೆ.

ಲಾಂಡ್ರಿಗೆ ಮರಳೋಣ. ಟ್ರಿಪ್ಪಕ್ಕ ಮೇನ್ ಸ್ವಿಚ್ ಇಳಿಸುತ್ತಾರೆ. ಯಂತ್ರಗಳೆಲ್ಲ ಉಸಿರು ಬಿಟ್ಟು ನಿಲ್ಲುತ್ತವೆ. ಆ ಮೌನ ಕೇಳಿಯೇ ಯಜಮಾನರು ಮುಂಬಾಗಿಲ ಕೋಣೆಯಿಂದ ಓಡಿಬರುತ್ತಾರೆ.

"ಯಾರನ್ನ ಕೇಳಿ ಆಫ್ ಮಾಡ್ದೆ? ಆಸ್ಪತ್ರೆ ಬಟ್ಟೆ ಹೋಗ್ಬೇಕು, ಗಾಡಿ ಬರೋ ಹೊತ್ತಾಯ್ತು! ಈಗೆಲ್ಲ ಸರಿಯಿದೆಯಲ್ಲ, ಬೀಳೋದು ನಿಂತಿದೆಯಲ್ಲ!"

"ನಿಂತಿದೆ ಯಜಮಾನ್ರೇ. ಉಸಿರು ನಿಂತೋರೂ ಕೆಮ್ಮಲ್ಲ."

ವೈರುಗಳನ್ನು ಇದ್ದ ಜಾಗಕ್ಕೆ ಮರಳಿಸಿ, ಟ್ರಿಪ್ಪರ್ ಎತ್ತಿ ಮತ್ತೆ ಕರೆಂಟು ಕೊಡುತ್ತಾರೆ. ಒಂದು ಯಂತ್ರ ತಿರುಗುತ್ತದೆ, ಇನ್ನೊಂದು ತಿರುಗುತ್ತದೆ. ನೀರು ಕಾಯಿಸುವ ಹೀಟರುಗಳ ಸ್ವಿಚ್ ಹಾಕಿದ್ದೇ ತಡ, ದಬಕ್. ಕಟ್ಟಡವೆಲ್ಲ ಕತ್ತಲು.

"ನೋಡು! ನೋಡು! ಇದೇ ಕಾಟ!" ಎಂದು ಯಜಮಾನರು ಗೆದ್ದವರಂತೆ ಕೈ ತಟ್ಟುತ್ತಾರೆ. ಮೊಬೈಲು ಕಿವಿಗೆ ಹೋಗುತ್ತದೆ. ಡೈರೆಕ್ಟ್ ಕೊಟ್ಟು ಹೋಗಿದ್ದ ಮೇಸ್ತ್ರಿ ಪಕ್ಕದ ಬೀದಿಯಲ್ಲೇ ಇದ್ದಾನೆ. ಅವನು ಬರುವುದರೊಳಗೆ ಕಾರಣ ಸಿಗದಿದ್ದರೆ ವೈರುಗಳು ಮತ್ತೆ ನೆತ್ತಿಯ ಮೇಲೆ ಏರುತ್ತವೆ, ಹೆಂಗಸರು ಮತ್ತೆ ಆ ನೀರಿಗೆ ಇಳಿಯುತ್ತಾರೆ. ಹೊರಗೆ ಆಸ್ಪತ್ರೆಯ ಗಾಡಿ ಹಾರನ್ ಹೊಡೆಯುತ್ತಿದೆ.

ಟ್ರಿಪ್ಪಕ್ಕ ಹೀಟರುಗಳನ್ನು ಪರೀಕ್ಷಿಸುತ್ತಾರೆ. ಅವು ಸರಿಯಿವೆ. ಯಂತ್ರಗಳ ವೈರು ನೋಡುತ್ತಾರೆ. ಸವೆದಿವೆ, ಆದರೆ ಸದ್ಯಕ್ಕೆ ಸೋರಿಕೆಯಿಲ್ಲ. ಬೆವರು ಒರೆಸಿಕೊಳ್ಳುತ್ತಾರೆ. ಹೀಟರೋ ಯಂತ್ರವೋ ಇರಬೇಕು ಎಂದು ಅವರು ಮೊದಲು ಊಹಿಸಿದ್ದೂ ತಪ್ಪು. ಅಷ್ಟರಲ್ಲಿ ಮೇಸ್ತ್ರಿ ಬಂದು, ಹೊಸ್ತಿಲ ಒಣ ಜಾಗದಲ್ಲಿ ನಿಂತು, "ಏನ್ ತಂಗೀ, ಇನ್ನೂ ಸಿಗ್ಲಿಲ್ವಾ?" ಎಂದು ಕೇಳುತ್ತಾನೆ. ದನಿಯಲ್ಲಿ ಕುಹಕವೇನೂ ಇಲ್ಲ. ದಿನವೂ ಮಾಡುವ ಕೆಲಸಕ್ಕೆ ಬಂದವನ ದನಿ.

"ಇಲ್ಲ ಅಣ್ಣ. ನೀನು ಕೊಟ್ಟಿದ್ಯಲ್ಲ ಡೈರೆಕ್ಟು, ಅದನ್ನೇ ಮತ್ತೆ ಕೊಡ್ತೀಯಾ?"

"ಯಜಮಾನ್ರು ಹೇಳಿದ್ರೆ ಕೊಡ್ತೀನಿ. ನಂದೇನಿದೆ?"

"ಕೊಡು. ಕೊಟ್ಟು, ಚಪ್ಪಲಿ ಬಿಟ್ಟು, ಇಲ್ಲಿ ನೀರಿಗಿಳಿದು ಈ ಮಿಷನ್ ಮೇಲೆ ಎರಡೂ ಕೈ ಇಟ್ಟು ನಿಂತ್ಕೊ. ಗಾಡಿ ತುಂಬೋವರೆಗೂ ಸಾಕು. ದೊಡ್ಡಮ್ಮ ದಿನಾ ನಿಲ್ತಾರೆ, ನೀನು ಗಂಡಸು, ನಿಂಗೇನು?"

ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಗುತ್ತಾರೆ. ಮೇಸ್ತ್ರಿ ನೀರು ನೋಡುತ್ತಾನೆ, ಯಂತ್ರ ನೋಡುತ್ತಾನೆ, ತನ್ನ ಕಾಲು ನೋಡಿಕೊಳ್ಳುತ್ತಾನೆ. ಹೊಸ್ತಿಲು ದಾಟುವುದಿಲ್ಲ.

"ನಾನೂ ಸುಮ್ ಸುಮ್ನೆ ಕೊಟ್ಟಿಲ್ಲ ತಂಗಿ," ಎನ್ನುತ್ತಾನೆ ಕೊನೆಗೆ, ದನಿ ಇಳಿಸಿ. "ಹೀಟರ್ ಆನ್ ಇಟ್ಕೊಂಡು ಉಳಿದಿದ್ದನ್ನ ಒಂದೊಂದೇ ಎಂಸಿಬಿ ಇಳಿಸ್ಕೊಂಡು ಬಂದೆ. ಮಿಷನ್ ಲೈನ್ ಇಳಿಸ್ದೆ, ಬಿತ್ತು. ಇಸ್ತ್ರಿ ರೂಮಿನ ಲೈಟ್ ಲೈನ್ ಇಳಿಸ್ದೆ, ಆಗ್ಲೂ ಬಿತ್ತು. ಹೀಟರ್ ಇಳಿಸಿದ್ರೆ ಮಾತ್ರ ನಿಲ್ಲುತ್ತೆ. ಹೀಟರ್ ಚೆನ್ನಾಗಿದೆ. ಇನ್ನೇನು, ಟ್ರಿಪ್ಪರೇ ಕೆಟ್ಟಿದೆ ಅಂದ್ಕೊಂಡೆ."

ಈ ಕಸುಬಿನಲ್ಲಿ ಎಲ್ಲರೂ ಎಡವುವ ಕಲ್ಲು ಇದೇ. ಎಂಸಿಬಿ ಎಂಬ ಆ ಚಿಕ್ಕ ಸ್ವಿಚ್ಚು ಇಳಿಸಿದರೆ ಕರೆಂಟು ತರುವ ವೈರು ಮಾತ್ರ ಕಳಚುತ್ತದೆ. ಕರೆಂಟನ್ನು ವಾಪಸ್ ಒಯ್ಯುವ ನ್ಯೂಟ್ರಲ್ ವೈರು ಕಳಚುವುದಿಲ್ಲ. ಎಲ್ಲ ಲೈನುಗಳ ನ್ಯೂಟ್ರಲ್ಲೂ ಪೆಟ್ಟಿಗೆಯೊಳಗೆ ಒಂದೇ ಹಿತ್ತಾಳೆ ಪಟ್ಟಿಯಲ್ಲಿ ಕೂಡುತ್ತವೆ, ಸ್ವಿಚ್ಚು ಮೇಲಿದ್ದರೂ ಕೆಳಗಿದ್ದರೂ. ಟ್ರಿಪ್ಪಕ್ಕನ ಮುಖ ಅರಳುತ್ತದೆ. ಒಂದೊಂದು ಲೈನು ಇಳಿಸಿದರೂ ಬೀಳುತ್ತಿತ್ತು ಎಂದು ಮೇಸ್ತ್ರಿ ಹೇಳಿದ ಆ ಮಾತೇ ಅವರಿಗೆ ಬೇಕಾಗಿದ್ದದ್ದು.

"ಒಂದೇ ಮೋರಿಗೆ ಎಲ್ಲ ಮನೆ ನೀರೂ ಬರುತ್ತಲ್ಲ ದೊಡ್ಡಮ್ಮ," ಎನ್ನುತ್ತ ಮೇನ್ ಇಳಿಸಿ ಸ್ಕ್ರೂ ಬಿಚ್ಚತೊಡಗುತ್ತಾರೆ. "ಯಾರದೋ ಮನೆ ಮುಂದೆ ಮೋರಿ ಬಿರುಕು ಬಿಟ್ಟಿದೆ. ಆ ಮನೆಯೋರು ನಲ್ಲಿ ನಿಲ್ಲಿಸಿದ್ರೆ ಸೋರೋದು ನಿಲ್ಲುತ್ತಾ? ಇನ್ನೊಬ್ಬರ ಮನೇಲಿ ಬಟ್ಟೆ ಒಗೆದಾಗ ನೀರು ಉಕ್ಕಿ ಆ ಬಿರುಕಲ್ಲೇ ಸೋರುತ್ತೆ. ಬೈಸ್ಕೊಳ್ಳೋರು ಒಗೆದೋರು."

"ಅಂದ್ರೆ ಹೀಟರ್‌ದೇನೂ ತಪ್ಪಿಲ್ಲ, ನಮ್ದೂ ಇಲ್ಲ," ಎನ್ನುತ್ತಾರೆ ದೊಡ್ಡಮ್ಮ, ಯಜಮಾನರಿಗೆ ಕೇಳುವಂತೆ.

ಹಿತ್ತಾಳೆ ಪಟ್ಟಿಯಿಂದ ನ್ಯೂಟ್ರಲ್‌ಗಳನ್ನೆಲ್ಲ ಕಳಚಿ, ಒಂದಕ್ಕೊಂದು ತಾಗದಂತೆ ಬಿಡಿಸಿ, ಒಂದೊಂದಕ್ಕೂ ಮೆಗ್ಗರ್ ಹಿಡಿಯುತ್ತಾರೆ. ವೈರಿನ ಮೈಮೇಲಿನ ಹೊದಿಕೆ ಗಟ್ಟಿಯಿದೆಯೇ, ಎಲ್ಲಾದರೂ ನೆಲಕ್ಕೆ ದಾರಿ ಬಿಟ್ಟಿದೆಯೇ ಎಂದು ಹೇಳುವ ಉಪಕರಣ ಅದು. ಮೇಸ್ತ್ರಿ ಹೊಸ್ತಿಲಿನಿಂದಲೇ ಟಾರ್ಚು ಬಿಡುತ್ತಾನೆ. ಮುಳ್ಳು ಪ್ರತಿ ಸಲವೂ ಮೇಲೇರುತ್ತದೆ. ಇಸ್ತ್ರಿ ಕೋಣೆಯ ದೀಪದ ಲೈನಿಗೆ ಬಂದಾಗ ಅಲುಗುವುದೇ ಇಲ್ಲ, ಸೊನ್ನೆಯಲ್ಲಿ ಸತ್ತು ಬೀಳುತ್ತದೆ. ಹಗಲು ಹೊತ್ತು ಹಾಕುವುದೇ ಇಲ್ಲದ ದೀಪದ ಲೈನು.

"ಲೈನು ಸಿಕ್ತು. ಜಾಗ ಸಿಗ್ಬೇಕು."

ಇಲ್ಲಿ ಟ್ರಿಪ್ಪಕ್ಕನದ್ದೇ ಒಂದು ರೂಢಿ ಇದೆ. ಗೋಡೆ ಅಗೆಯುವ ಮೊದಲು ಕೆಲಸದವರ ಬಳಿ ಹೋಗಿ ಒಂದೇ ಮಾತು ಕೇಳುವುದು: ಇಲ್ಲಿ ಹೊಸದಾಗಿ ಏನು ಬಂತು? ಯಜಮಾನರನ್ನು ಕೇಳುವುದಿಲ್ಲ. "ಅವರಿಗೆ ಕೊಂಡಿದ್ದು ನೆನಪಿರುತ್ತೆ, ಹೊಡೆದ ಮೊಳೆ ನೆನಪಿರಲ್ಲ. ಕಸ ಗುಡಿಸೋರಿಗೆ ಗೋಡೆ ಪುಡಿ ಉದುರಿದ್ದೂ ಗೊತ್ತಿರುತ್ತೆ."

ಇಸ್ತ್ರಿ ಕೋಣೆಗೆ ಹೋಗಿ ಅದನ್ನೇ ಕೇಳುತ್ತಾರೆ. ಬಾಗಿಲಲ್ಲಿ ಯಜಮಾನರು ನಿಂತಿದ್ದಾರೆ. ಒಬ್ಬಾಕೆ ಹೊದಿಕೆಯ ಮಡಿಕೆ ಸರಿಮಾಡುತ್ತ, ತಲೆಯೆತ್ತದೆ, ಗಲ್ಲವನ್ನಷ್ಟೇ ಮೇಲಕ್ಕೆ ಕುಣಿಸುತ್ತಾರೆ.

ಮೂಲೆಯಲ್ಲಿ ಒಂದು ಕ್ಯಾಮರಾ.

ಹೆಂಗಸರು ನಡುವೆ ಕೂತುಕೊಳ್ಳುತ್ತಾರೆಯೇ, ಪರಸ್ಪರ ಮಾತಾಡುತ್ತಾರೆಯೇ ಎಂದು ಮುಂದಿನ ಕೋಣೆಯಲ್ಲಿ ಕೂತು ನೋಡುವುದಕ್ಕೆ ಹಾಕಿಸಿದ್ದು. ಅದನ್ನು ಕೂರಿಸಿದವನು ಗೋಡೆಗೆ ತೂತು ಕೊರೆಯುವ ಶ್ರಮ ಉಳಿಸಿಕೊಂಡು, ಗೋಡೆಯುದ್ದಕ್ಕೆ ವೈರುಗಳನ್ನು ಒಳಗಿಟ್ಟುಕೊಂಡು ಸಾಗುವ ತಗಡಿನ ಪಟ್ಟಿಗೇ ಸ್ಕ್ರೂ ಹಾಕಿದ್ದಾನೆ. ಟ್ರಿಪ್ಪಕ್ಕ ಮೇಜು ಹತ್ತಿ ಸ್ಕ್ರೂ ಬಿಚ್ಚುತ್ತಾರೆ. ಅಷ್ಟುದ್ದದ ಸ್ಕ್ರೂ ಅಲ್ಲಿಗೆ ಬೇಕೇ ಇರಲಿಲ್ಲ. ಅದರ ಮೂತಿ ತಗಡು ತೂರಿ, ದೀಪದ ನ್ಯೂಟ್ರಲ್ ವೈರಿನ ಮೈ ಸೀಳಿ, ತಾಮ್ರಕ್ಕೆ ಕಚ್ಚಿಕೊಂಡಿತ್ತು. ಎಲ್ಲಕ್ಕಿಂತ ಹೆಚ್ಚು ಕರೆಂಟು ಎಳೆಯುವುದು ಹೀಟರುಗಳು; ಅವುಗಳಿಂದ ಮರಳುವ ಕರೆಂಟಿನ ಒಂದು ಪಾಲು ಆ ಗಾಯದಿಂದ ತಗಡಿಗೆ, ತಗಡಿನಿಂದ ನೆಲಕ್ಕೆ. ಅಷ್ಟೂ ದಿನ ಟ್ರಿಪ್ಪರ್ ಬೀಳುತ್ತಿದ್ದದ್ದು ಅದಕ್ಕೆ. ಗಾಯವಾದಲ್ಲಿ ಹೊಸ ವೈರು ಹಾಕಿ, ಪೆಟ್ಟಿಗೆಯ ಬಳಿ ಮರಳಿ ಮೆಗ್ಗರ್ ಹಿಡಿದರೆ ಮುಳ್ಳು ಸರ್ರನೆ ಮೇಲೇರುತ್ತದೆ. ಕಳಚಿದ ನ್ಯೂಟ್ರಲ್‌ಗಳನ್ನೆಲ್ಲ ಮತ್ತೆ ಹಿತ್ತಾಳೆ ಪಟ್ಟಿಗೆ ಬಿಗಿಯುತ್ತಾರೆ.

ಯಾವ ಹೆಂಗಸರಿಗೆ 'ನೀರು ಎರಚಿದ್ರಿ' ಎಂದು ದಿನವೂ ಬೈದರೋ, ಅವರನ್ನು ಕಾಯಲು ಹಾಕಿಸಿದ ಕಣ್ಣಿನ ಸ್ಕ್ರೂವೇ ಕಾರಣ. ಇದಕ್ಕೆ ಕ್ಷಮೆ ಕೇಳುವ ಅಭ್ಯಾಸ ಯಾವ ಯಜಮಾನರಿಗಿದೆ? ಇವರು ಕೇಳುವುದು ಇಷ್ಟೇ: "ಕ್ಯಾಮರಾ ವಾಪಸ್ ಹಾಕ್ಕೊಡ್ತೀಯಲ್ಲ?"

"ಅದು ನನ್ ಕೆಲಸ ಅಲ್ಲ ಯಜಮಾನ್ರೇ. ಇನ್ನೊಂದು ಮಾತು ಕೇಳಿ. ಈ ಸ್ಕ್ರೂ ಯಾರನ್ನೂ ಸಾಯಿಸ್ತಿರ್ಲಿಲ್ಲ. ಇದರಿಂದ ಆದ ತೊಂದರೆ ತಪ್ಪಿಸ್ಕೊಳ್ಳೋಕೆ ನೀವು ಮಾಡಿಸಿದ್ದು ಸಾಯಿಸ್ತಿತ್ತು. ಆ ಮಿಷನ್ನುಗಳ ವೈರು ನೋಡಿದ್ದೀರಾ? ಇವತ್ತೋ ನಾಳೆಯೋ ಅನ್ನೋ ಹಂಗಿವೆ. ಅವನ್ನ ಬದಲಾಯಿಸಿ. ಬೂಟು ಕೊಡಿಸಿ."

"ನೋಡೋಣ ನೋಡೋಣ. ಆದ್ರೆ ಇನ್ನೊಂದ್ಸಲ ಇದು ಬಿದ್ದು ನನ್ನ ಗಾಡಿ ನಿಂತ್ರೆ, ಹೇಳಿಬಿಟ್ಟೆ, ಡೈರೆಕ್ಟೇ ಕೊಡ್ಸೋದು."

ಟ್ರಿಪ್ಪಕ್ಕ ಉತ್ತರಿಸುವ ಮೊದಲೇ ದೊಡ್ಡಮ್ಮ ನೀರಿನಿಂದ ಮೇಲೆ ಬಂದು ಒಣ ಮೆಟ್ಟಿಲ ಮೇಲೆ ಕೂರುತ್ತಾರೆ. ಕೂರುವುದನ್ನು ನೋಡಲು ಈಗ ಕ್ಯಾಮರಾ ಬೇಕಿಲ್ಲ, ಯಜಮಾನರ ಎದುರಿಗೇ ಕೂರುತ್ತಾರೆ. ಕಾಲು ಒರೆಸಿಕೊಳ್ಳುತ್ತ ಹೇಳುತ್ತಾರೆ: "ಕೊಡ್ಸಿ ಯಜಮಾನ್ರೇ. ನೀವು ಡೈರೆಕ್ಟ್ ಕೊಡ್ಸಿದ ದಿನ ನಾವೂ ಡೈರೆಕ್ಟಾಗಿ ಮನೆಗೆ ಹೋಗ್ತೀವಿ. ಬಟ್ಟೆ ನೀವೇ ಎಳ್ಕೊಳಿ."

ಯಂತ್ರಗಳ ಮುಂದಿದ್ದ ಹೆಂಗಸರು ಒಬ್ಬೊಬ್ಬರಾಗಿ ನೀರಿನಿಂದ ಕಾಲು ತೆಗೆಯುತ್ತಾರೆ. ಇಸ್ತ್ರಿ ಕೋಣೆಯವರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಹೊರಗೆ ಹಾರನ್ ಮತ್ತೊಮ್ಮೆ ಕೇಳಿಸುತ್ತದೆ. ಯಜಮಾನರು ಮೇಸ್ತ್ರಿಯ ಕಡೆ ತಿರುಗುತ್ತಾರೆ. ಮೇಸ್ತ್ರಿ ಟಾರ್ಚು ಆರಿಸಿ ಜೇಬಿಗಿಡುತ್ತ, "ಇನ್ಮೇಲೆ ಇಲ್ಲಿಗೆ ನನ್ನನ್ನ ಆ ಕೆಲಸಕ್ಕೆ ಕರೀಬೇಡಿ," ಎನ್ನುತ್ತಾನೆ.

"ಸರಿ, ಸರಿ. ಕೊಡ್ಸಲ್ಲ. ಇಳೀರಿ ಈಗ."

"ಬೂಟು?" ಎನ್ನುತ್ತಾರೆ ದೊಡ್ಡಮ್ಮ, ಕೂತಲ್ಲಿಂದ ಏಳದೆ.

"ತರ್ಸ್ತೀನಿ ಅಂದೆನಲ್ಲ!"

"ಅಂದಿರ್ಲಿಲ್ಲ. ಈಗ ಅಂದ್ರಿ. ಎಲ್ರೂ ಕೇಳಿಸ್ಕೊಂಡ್ರಲ್ಲ?"

ಈಗ ಹೀಟರುಗಳು ಏರುತ್ತವೆ, ಯಂತ್ರಗಳು ತಿರುಗುತ್ತವೆ, ಟ್ರಿಪ್ಪರ್‌ನ ಹಿಡಿ ಮೇಲೆಯೇ ನಿಂತಿದೆ. ಗಾಡಿ ತುಂಬುತ್ತಿದೆ. ಈ ಬೆಳಗ್ಗೆ ಇಲ್ಲಿ ಒಂದು ಸಾವು ತಪ್ಪಿರಬಹುದು, ತಪ್ಪದೆಯೂ ಇರಬಹುದು. ಆಗದೇ ಹೋದದ್ದನ್ನು ಯಾವ ಪತ್ರಿಕೆಯೂ ಬರೆಯುವುದಿಲ್ಲ, ಯಾವ ಸಭೆಯೂ ಅದಕ್ಕೆ ಶಾಲು ಹೊದಿಸುವುದಿಲ್ಲ. ಆದದ್ದನ್ನು ಮಾತ್ರ 'ಆಕಸ್ಮಿಕ' ಎಂದು ಎರಡು ಸಾಲಿನಲ್ಲಿ ಹಾಕಿ ಕೈ ತೊಳೆದುಕೊಳ್ಳುತ್ತೇವೆ. ವೈರು ಕಿತ್ತು ಮೇಲೆ ಸಿಕ್ಕಿಸಿದ ಕೈ, ಸಿಕ್ಕಿಸು ಎಂದ ಬಾಯಿ, ಎರಡೂ ಆ ಸಾಲುಗಳಲ್ಲಿ ಇರುವುದಿಲ್ಲ.

ಟ್ರಿಪ್ಪಕ್ಕ ಚೀಲ ಹೆಗಲಿಗೇರಿಸಿದ್ದಾರೆ. ಮುಂದಿನ ಬೀದಿಯ ಬೇಕರಿಯಲ್ಲಿ ಟ್ರಿಪ್ಪರ್ ನಿಲ್ಲುತ್ತಿಲ್ಲವಂತೆ, ಅಲ್ಲಿಂದ ಕರೆ ಬಂದಿದೆ. ಇಷ್ಟು ವರ್ಷ ಬೈಸಿಕೊಂಡು ಮಾಡಿದ ಈ ಕೆಲಸದಿಂದ ತಮಗೇನು ಸಿಗಬೇಕು ಎಂದು ಕೇಳಿದರೆ, ಚೀಲದ ಪಟ್ಟಿ ಸರಿಮಾಡಿಕೊಳ್ಳುತ್ತ ಹೇಳುತ್ತಾರೆ:

"ಏನೂ ಬೇಡ. ಅದು ಬಿದ್ದಾಗ ಜನ 'ಥೂ' ಅಂತಾರಲ್ಲ, ಹಂಗನ್ನೋ ಬದಲು 'ಯಾಕೆ' ಅಂತ ಒಂದ್ಸಲ ಕೇಳ್ಲಿ. ಅಷ್ಟು ಕೇಳಿದ್ರೆ ಸಾಕು. ಉಳಿದಿದ್ದು ನಾನು ಹುಡುಕ್ತೀನಿ."